ಒಂಬತ್ತನೇ ಮನೆ

ಬಾಯಾರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ಹಾವೇರಿಯ ತರಕಾರಿ ಮಾರ್ಕೆಟ್ಟಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬದನೆಕಾಯಿ ಆರಿಸುತ್ತಿದ್ದೆ. ನಮ್ಮ ಹಳೆಯ ಆಫೀಸಿನ ಲೈನ್‌ಮನ್ ಎದುರಿಗೆ ಬಂದು ನಿಂತು, "ಬಾಯಾರ ಸುದ್ದಿ ಗೊತ್ತಾತೇನ್ರಿ ನಿಮಗ?" ಅಂದರು. ಅವರು ಕೇಳಿದ ರೀತಿಯಲ್ಲೇ ಗೊತ್ತಾಗಿಹೋಯಿತು. ಕೈಯಲ್ಲಿದ್ದ ಬದನೆಕಾಯಿ ಹುಳುಕಿನದು, ಅದನ್ನೂ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ಹೆಚ್ಚುವಾಗಲೇ ಅದನ್ನು ನೋಡಿದ್ದು.

ಜೀವಮಾನವೆಲ್ಲ ಊರೂರಿನ ಸುದ್ದಿಯನ್ನು ತಡಮಾಡದೆ ಮುಟ್ಟಿಸಿದ ಹೆಂಗಸಿನ ಸಾವಿನ ಸುದ್ದಿಗೆ ಹದಿನೈದು ದಿನ ಬೇಕಾಯಿತು ಅಂದರೆ ಸಿಟ್ಟು ಬರುತ್ತದೆ. ಆ ಸಿಟ್ಟು ಯಾರ ಮೇಲೆ ಅಂತ ಕೇಳಿದರೆ ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೇ.

ಎಂಬತ್ತರ ದಶಕದ ನಡುವಿನಲ್ಲಿ ಬ್ಯಾಡಗಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ನನಗೆ ಇಪ್ಪತ್ತೆರಡು. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪರಊರಿನವರ ಸಂಗಡ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿದ್ದ ಕಾಲ. ನಾವು ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕುಳಿತು, ಈ ತೂತಿನಿಂದ ಆ ತೂತಿಗೆ ವೈರು ಚುಚ್ಚಿ ಬ್ಯಾಡಗಿಗೂ ಮುಂಬಯಿಗೂ ಗಂಟು ಹಾಕುತ್ತಿದ್ದೆವು. ನನಗೆ ಆ ಕೆಲಸ ಕಲಿಸಿದವರು ಬಾಯಾರು. ಆಗ ಅವರಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಸಾಹೇಬರಿಂದ ಹಿಡಿದು ಕಸ ಹೊಡೆಯುವವಳವರೆಗೆ ಎಲ್ಲರಿಗೂ ಅವರು ಬಾಯಾರೇ; ನೌಕರಿಯ ಹೆಂಗಸನ್ನು ನಮ್ಮ ಕಡೆ ಗೌರವದಿಂದ ಬಾಯಿಯವರು ಅನ್ನುತ್ತಾರಲ್ಲ, ಹಾಗೆ.

ಮೊದಲ ದಿನ ನಾನು ಒಂದು ಕಾಲ್ ಕೂಡಿಸಿ ಆ ಮಾತು ಕೇಳುತ್ತ ಕುಳಿತೆ. ಎಳೆ ವಯಸ್ಸು. ಬೇರೆಯವರ ಮನೆ ಮಾತು ಅಂದರೆ ಯಾರಿಗೆ ರುಚಿಯಿಲ್ಲ? ಬಾಯಾರು ಪಕ್ಕದ ಕುರ್ಚಿಯಿಂದಲೇ ಕೈ ಚಾಚಿ ನನ್ನ ಕಿವಿಯ ಮೇಲಿದ್ದುದನ್ನು ಮೇಲಕ್ಕೆ ಎತ್ತಿದರು.

"ಲೈನ್ ಕೂಡಿಸೋದಷ್ಟ ನಮ್ಮದು ತಂಗಿ. ಮಾತು ಅವರದು."

ಆದರೆ ಕೇಳಲೇಬೇಕಾದ ಪ್ರಸಂಗವೂ ಇತ್ತು. ಮೂರು ನಿಮಿಷವಾದರೆ ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆತ್ರಿ, ಮುಂದುವರಸ್ತೀರೇನ್ರಿ?" ಅನ್ನಬೇಕು. ಕದರಮಂಡಲಗಿಯ ಒಬ್ಬ ಮುದುಕಿ ತಿಂಗಳಿಗೊಮ್ಮೆ ಬಂದು ಮುಂಬಯಿಯಲ್ಲಿದ್ದ ಮಗಳಿಗೆ ಕಾಲ್ ಹಚ್ಚಿಸುತ್ತಿದ್ದಳು. ಆ ಕಡೆಯಿಂದ "ಯವ್ವಾ" ಅಂತ ಬಂದದ್ದೇ ತಡ, ಈ ಕಡೆ ಮುದುಕಿ ಅಳುವುದಕ್ಕೆ ಶುರು. ಮೂರು ನಿಮಿಷವೂ ಅಳುವೇ. ನಾನು ಗಡಿಯಾರ ನೋಡಿ ಬಾಯಿ ತೆರೆಯುವುದರೊಳಗೆ ಬಾಯಾರು ನನ್ನ ಮುಂಗೈ ಹಿಡಿದರು.

"ತಡಿ. ಆಕಿ ಇನ್ನಾ ಮಾತಾಡಿಲ್ಲ. ಮಾತಾಡಾಕ ಹತ್ತಿದ ಮ್ಯಾಲ ಎಣಸು."

ಇಂಥವರು ರೂಲು ಮುರಿಯುವವರೇ ಅಲ್ಲವೇ ಅಂತ ನಾನು ಅಂದುಕೊಂಡದ್ದು ಶುದ್ಧ ತಪ್ಪು. ರೂಲಿನ ವಿಷಯದಲ್ಲಿ ಅವರಷ್ಟು ಮೊಂಡರನ್ನು ನಾನು ಕಂಡಿಲ್ಲ. ಆ ರೂಲು ಮಾತ್ರ ಸರಕಾರದ್ದಾಗಿರಲಿಲ್ಲ, ಅವರ ಅಪ್ಪನದು.

ಬಾಯಾರ ಕೋಣೆಯಿದ್ದದ್ದು ಒಂದು ಮೆಣಸಿನಕಾಯಿ ಗೋದಾಮಿನ ಹಿಂದೆ. ಒಂದು ಕೋಣೆ, ಮುಂದೆ ತಗಡು ಹೊದಿಸಿದ ಸಣ್ಣ ಪಡಸಾಲೆ. ಸುಗ್ಗಿಯ ತಿಂಗಳುಗಳಲ್ಲಿ ಆ ಓಣಿಗೆ ಕಾಲಿಟ್ಟವರು ಮೊದಲು ಸೀನುತ್ತಿದ್ದರು, ಆಮೇಲೆ ನಮಸ್ಕಾರ ಮಾಡುತ್ತಿದ್ದರು. ನನ್ನ ಡ್ಯೂಟಿ ಎರಡಕ್ಕೆ ಮುಗಿದರೆ ಹಾವೇರಿ ಬಸ್ಸು ನಾಲ್ಕಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಗಂಡಸರ ಕಣ್ಣಿಗೆ ಬೀಳುವುದಕ್ಕಿಂತ ಬಾಯಾರ ಕೋಣೆ ವಾಸಿ ಅಂತ ಹೋಗತೊಡಗಿದೆ. ಅಲ್ಲಿ ಟ್ರಂಕಿನ ಮೇಲೆ ಕೌದಿಯಲ್ಲಿ ಸುತ್ತಿಟ್ಟ ಒಂದು ಉದ್ದನೆಯ ವಸ್ತುವಿತ್ತು. ವಾರಗಟ್ಟಲೆ ನೋಡಿ ನೋಡಿ ಒಂದು ದಿನ ಕೇಳಿದೆ.

"ತಂಬೂರಿ ಏನ್ರಿ ಬಾಯಾರ?"

"ಗಿಟಾರು."

ಡಬ್ಬಿಯಲ್ಲಿ ಏನಿದೆ ಅಂದರೆ ಹಿಟ್ಟು ಅನ್ನುವಂತೆ ಹೇಳಿದರು. ನನಗೆ ನಗು ಬಂತು. ನಮ್ಮ ಕಡೆ ಗಿಟಾರು ಅಂದರೆ ಸಿನಿಮಾದಲ್ಲಿ ಹೀರೋ ಬೆಟ್ಟದ ಮೇಲೆ ಹಿಡಿದುಕೊಳ್ಳುವ ವಸ್ತು. ನಲವತ್ತು ದಾಟಿದ, ಇಳಕಲ್ ಸೀರೆಯ, ಕುಂಕುಮ ಸಹ ಅಳತೆ ಮಾಡಿದಂತೆ ಇಟ್ಟುಕೊಳ್ಳುವ ಹೆಂಗಸಿನ ಮನೆಯಲ್ಲಿ ಅದಕ್ಕೇನು ಕೆಲಸ?

"ಯಾರರ ಕೇಳಿದ್ರ ಏನ ತಿಳ್ಕೊತಾರ್ರಿ?" ಅಂದೆ.

"ಕೇಳಾಕ ಯಾರಿಗೆ ಪುರಸೊತ್ತು? ಎಲ್ಲಾರೂ ಸೀನೋದರಾಗ ಇದ್ದಾರ."

ಕೌದಿ ಬಿಚ್ಚಿದರು. ಚಾಪೆಯ ಮೇಲೆ ಕುಳಿತು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯ ಮೂರು ಬೆರಳು ತಂತಿಗಳ ಮೇಲೆ ಒತ್ತಿ ಬಲಗೈಯಿಂದ ಮೀಟಿದರು. ಹಲವು ಸ್ವರಗಳು ಒಟ್ಟಿಗೆ ಎದ್ದವು. ಹಾಗೆ ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪಿಗೆ ಕಾರ್ಡ್ ಅನ್ನುತ್ತಾರಂತೆ. ಇದು ಇ ಕಾರ್ಡ್. ಆಮೇಲೆ ಉಂಗುರದ ಬೆರಳೊಂದನ್ನು ಮಾತ್ರ ಮೇಲಕ್ಕೆತ್ತಿ ಮತ್ತೆ ಮೀಟಿದರು.

"ಈಗ ಕೇಳು. ಮೊದಲ ನಗತಿತ್ತು. ಈಗ ಏನೋ ನೆನಸಿಕೊಂಡಂಗ ಆತು, ಹೌದಿಲ್ಲೋ?"

ಹೌದು. ಒಂದು ಬೆರಳು ಎತ್ತಿದ್ದಕ್ಕೆ ಅಷ್ಟು ವ್ಯತ್ಯಾಸವೇ ಅಂತ ನನಗೆ ಆಶ್ಚರ್ಯ. "ನಮ್ಮ ಅಪ್ಪ ಇದ್ದಿದ್ರ ಕೋಮಲ ನಿಷಾದ ಅಂತಿದ್ದ," ಅಂದರು. "ಇದನ್ನ ನುಡಸೋ ಮಂದಿ ಇದಕ್ಕ ಬ್ಲೂಸ್ ಅಂತಾರ. ಬ್ಯಾಸರ ಬಂದಾಗ ನುಡಸೋದು."

ಆವತ್ತೇ ನನಗೂ ಹಿಡಿಸಿದರು. ಮಾರನೆಯ ದಿನಕ್ಕೆ ನನ್ನ ಎಡಗೈ ಬೆರಳ ತುದಿಗಳು ಉಕ್ಕಿನ ತಂತಿಗೆ ಸೀಳಿ ಕೆಂಪಾಗಿದ್ದವು. ಸುಗ್ಗಿ ಬೇರೆ. ಆ ದಿನಗಳಲ್ಲಿ ಬ್ಯಾಡಗಿಯಲ್ಲಿ ಬಸ್ಸಿನ ಸರಳು, ಬಾಗಿಲ ಚಿಲಕ, ಅಂಗಡಿಯ ಕಟ್ಟೆ, ಎಲ್ಲಿ ಕೈಯಿಟ್ಟರೂ ಮೆಣಸಿನಕಾಯಿಯ ಪುಡಿ. ಬಸ್ಸಿನಲ್ಲಿ ಸರಳು ಹಿಡಿದು ನಿಂತವಳು ಮೋಟೆಬೆನ್ನೂರು ಬರುವುದರೊಳಗೆ ಕಣ್ಣಲ್ಲಿ ನೀರು ಸುರಿಸುತ್ತಿದ್ದೆ. ಪಕ್ಕದ ಹೆಂಗಸು ಮದುವೆ ಮುರಿದಿರಬೇಕು ಅಂತ ತಿಳಿದು ಬೆನ್ನು ಸವರಿದಳು. ಬಾಯಾರಿಗೆ ಹೇಳಿದರೆ ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ.

"ನೀರಾಗ ತೊಳಿಬ್ಯಾಡ, ಉರಿ ಹೆಚ್ಚಾಕ್ಕತಿ. ಕೊಬ್ಬರಿ ಎಣ್ಣಿ ಹಚ್ಚು. ಹದಿನೈದು ದಿನಕ್ಕ ಬೆರಳು ಗಟ್ಟಿ ಆಕ್ಕಾವ. ಆಮ್ಯಾಲ ಏನೂ ಗೊತ್ತಾಗೂದಿಲ್ಲ."

ಅವರ ಬೆರಳ ತುದಿಗಳನ್ನು ಆವತ್ತು ಮುಟ್ಟಿ ನೋಡಿದೆ. ಒಣಗಿದ ಹುಣಸೇಬೀಜದ ಹಾಗಿದ್ದವು.

ಆರು ತಿಂಗಳಲ್ಲಿ ನಾನು ಎರಡು ಕಾರ್ಡ್ ಕಲಿತೆ, ಇ ಮತ್ತು ಎ. ಒಂದು ಸುತ್ತಿಗೆ ಹನ್ನೆರಡು ಮನೆ ಅಂತ ಬಾಯಾರು ಹೇಳಿಕೊಟ್ಟರು. ಒಂದೊಂದು ಮನೆಯಲ್ಲಿ ನಾಲ್ಕು ಸಲ ಮೀಟಬೇಕು. ಮೊದಲ ನಾಲ್ಕು ಮನೆ ಇ, ಮುಂದಿನ ಎರಡು ಎ, ಮತ್ತೆ ಎರಡು ಇ. ಅಲ್ಲಿಗೆ ಎಂಟು. ಎಂಟಾದ ಮೇಲೆ ಬಾಯಾರು ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿ ಗಿಟಾರನ್ನು ಕೆಳಗಿಡುತ್ತಿದ್ದರು. ಪ್ರತಿ ಸಲವೂ ಹೀಗೇ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇಲ್ಲದಿದ್ದರೆ ಕಾಲಿಗೆ ಆಗುತ್ತದಲ್ಲ, ನನ್ನ ಕಿವಿಗೆ ಹಾಗಾಗುತ್ತಿತ್ತು.

"ಇನ್ನ ನಾಕ ಮನಿ?" ಅಂತ ಕೊನೆಗೊಮ್ಮೆ ಕೇಳಿದೆ.

"ನನಗ ಕೊಟ್ಟಿಲ್ಲ."

"ಯಾರು?"

"ಆಂಟಿ."

ಆ ಆಂಟಿಯ ಕತೆಯನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಇವತ್ತಿಷ್ಟು, ಮುಂದಿನ ತಿಂಗಳಷ್ಟು. ನಾನು ಕೂಡಿಸಿಕೊಂಡದ್ದು ಹೀಗೆ. ಬಾಯಾರ ಅಪ್ಪ ಕರ್ಜಗಿಯವರು. ಹಿಂದೂಸ್ತಾನಿ ಹಾಡುಗಾರಿಕೆ ಕಲಿಸುವ ಮಾಸ್ತರರು. ಅವರ ಗುರು ಒಂದು ರಾಗ ಹೇಳಿಕೊಡುತ್ತಿದ್ದಾಗ, ಅದರ ಚೀಜಿನ, ಅಂದರೆ ಹಾಡಿನ, ಮೊದಲ ಭಾಗ ಮುಗಿದು ಎರಡನೆಯ ಭಾಗವಾದ ಅಂತರಾಕ್ಕೆ ಬರುವುದರೊಳಗೆ ತೀರಿಕೊಂಡರಂತೆ. ಆ ಅಂತರಾ ಹಾಡುವವರು ಸುತ್ತಮುತ್ತ ಹತ್ತು ಜನರಿದ್ದರು. ಆದರೂ ಅಪ್ಪ ಸಾಯುವ ತನಕ ಅರ್ಧವನ್ನೇ ಹಾಡಿದರು. "ಗುರು ಕೊಟ್ಟಷ್ಟ ತಗೋಬೇಕು. ಕೊಡದ್ದಕ್ಕ ಕೈ ಹಾಕಬಾರದು," ಅನ್ನುವುದು ಆ ಮನೆಯ ರೂಲು.

ಬಾಯಾರು ಟ್ರೇನಿಂಗಿಗೆ ಅಂತ ಹುಬ್ಬಳ್ಳಿಗೆ ಹೋದಾಗ ರೇಲ್ವೆ ಕಾಲೊನಿಯ ಹತ್ತಿರ ಒಂದು ಕೋಣೆ ಹಿಡಿದಿದ್ದರು. ಎದುರು ಮನೆಯಲ್ಲಿ ಒಬ್ಬ ಇಂಜಿನ್ ಡ್ರೈವರ್, ಆಂಗ್ಲೋ ಇಂಡಿಯನ್. ಅವನ ಹೆಂಡತಿಯೇ ಆಂಟಿ. ಗಂಡ ಗಾಡಿಯ ಮೇಲೆ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಆಕೆ ಪಡಸಾಲೆಯಲ್ಲಿ ಕುಳಿತು ಒಬ್ಬಳೇ ಗಿಟಾರು ನುಡಿಸುತ್ತಿದ್ದಳು. ಬಾಯಾರೂ ಊರಿಗೆ ಹೊಸಬರು, ಒಬ್ಬರೇ. ಕೇಳುತ್ತ ಕೇಳುತ್ತ ರಸ್ತೆ ದಾಟಿ ಹೋದರು. ಕಲಿಸುತ್ತೇನೆ ಬಾ ಅಂದಾಗ ಅಪ್ಪನ ಮಗಳು ಬರಿಗೈಯಲ್ಲಿ ಹೋದಾರೆಯೇ? ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟುಕೊಂಡು ಹೋಗಿ ಕಾಲು ಮುಟ್ಟಿದರು. ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಎರಡೂ ಕೈಯೊಡ್ಡಿ ತೆಂಗಿನಕಾಯಿ ತಗೊಂಡಳಂತೆ. ಹನ್ನೆರಡು ಮನೆ ಅಂದದ್ದಕ್ಕೆ ಬಾಯಾರು ಇದು ಅಪ್ಪನ ಹನ್ನೆರಡು ಮಾತ್ರೆಯ ಏಕತಾಲ ಅಂದುಕೊಂಡು ಒಂದು ಮನೆಗೆ ಒಂದೇ ಏಟು ಹಾಕಿ ಹನ್ನೆರಡು ಏಟಿಗೆ ಸುತ್ತು ಮುಗಿಸಲು ಹೋದದ್ದನ್ನು ಹೇಳುವಾಗ ಮಾತ್ರ ಅವರು ನಕ್ಕದ್ದು ನೆನಪಿದೆ. ಆಂಟಿ, "ನಿಂದು ಗಾಡಿ ಭಾಳ ಫಾಸ್ಟು, ಸ್ಟೇಶನ್ನಿನಲ್ಲಿ ನಿಲ್ಲೋದೇ ಇಲ್ಲ," ಅಂದಿದ್ದಳಂತೆ.

ಒಂದು ಆಯಿತವಾರ, ಎಂಟು ಮನೆ ಕೈಗೆ ಕುಳಿತ ಮೇಲೆ, "ನೆಕ್ಸ್ಟ್ ಸಂಡೆ ಮೂರನೇ ಕಾರ್ಡ್ ಹೇಳ್ತೀನಿ," ಅಂದಳು. ಆ ಮುಂದಿನ ಆಯಿತವಾರ ಬಾಯಾರನ್ನು ಅಪ್ಪ ಕರ್ಜಗಿಗೆ ಕರೆಸಿಕೊಂಡರು. ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಬಂದರು, ಅವಲಕ್ಕಿ ತಿಂದರು, ಹೋದರು, ಕಾಗದ ಹಾಕಲಿಲ್ಲ. ಅದರ ಮುಂದಿನ ಆಯಿತವಾರ ಬಾಯಾರು ಹೋದಾಗ ಎದುರು ಮನೆಗೆ ಕೀಲಿ ಬಿದ್ದಿತ್ತು. ಗಂಡ ಹೆಂಡತಿ ಪರದೇಶದಲ್ಲಿದ್ದ ಆಂಟಿಯ ಅಣ್ಣನ ಕಡೆಗೆ ಹೊರಟುಹೋಗಿದ್ದರು. ಕಾಗದಪತ್ರ ಯಾವಾಗಲೋ ಆಗಿತ್ತಂತೆ. ಗಿಟಾರನ್ನು ಪಕ್ಕದ ಮನೆಯ ರೇಲ್ವೆ ಗಾರ್ಡಿನ ಹೆಂಡತಿಯ ಹತ್ತಿರ ಇಟ್ಟು, "ಆ ಹುಡುಗಿ ಬ್ಯಾಡಗಿ ಎಕ್ಸ್‌ಚೇಂಜಿಗೆ ಹೋಗ್ತಾಳಲ್ಲ, ಫೋನ್ ಮಾಡಿ ಹೇಳ್ತೀನಿ ಅಂತ ಹೇಳು," ಅಂದು ಹೋಗಿದ್ದಳು.

"ಬೆರಳ ಎಲ್ಲೆಲ್ಲಿ ಇಡಬೇಕು ಅನ್ನೋದನ್ನ ಫೋನಿನಾಗ ಹೇಳಾಕ ಬರತೈತಿ," ಅಂದರು ಬಾಯಾರು. "ಮೂರು ನಿಮಿಷ ಸಾಕು."

ಆವತ್ತು ನನಗೆ ಎಷ್ಟೋ ಸಂಗತಿ ಅರ್ಥವಾದವು. ಪರದೇಶದ ಕಾಲ್ ಇದೆ ಅಂತ ಮುಂಬಯಿಯವರು ಕೂಗಿದರೆ ಬಾಯಾರು ನನ್ನನ್ನು ದಾಟಿ ಕೈ ಚಾಚಿ ತಾವೇ ಯಾಕೆ ತಗೊಳ್ಳುತ್ತಿದ್ದರು ಅನ್ನುವುದು. ಎರಡು ಸಲ ಬಂದ ಪ್ರಮೋಶನ್ನನ್ನು ಯಾಕೆ ಬೇಡವೆಂದರು ಅನ್ನುವುದು. ಪ್ರಮೋಶನ್ ತಗೊಂಡರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಫೋನು ಬರುವುದು ಬ್ಯಾಡಗಿಗೆ. ಇಪ್ಪತ್ತು ವರ್ಷ ಹೀಗೆ ಕುಳಿತಿದ್ದಾರೆ. ಇಂಜಿನ್ ಡ್ರೈವರನ ಹೆಂಡತಿ ಹೊತ್ತು ಹೋಗದ್ದಕ್ಕೆ ಹೇಳಿಕೊಟ್ಟ ಎರಡು ಕಾರ್ಡಿಗೂ ಉಸ್ತಾದರ ಮನೆಯ ಕಟ್ಟಳೆ ಹಚ್ಚಿದವರು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಎಂಥ ಹುಚ್ಚು ಅಂತ ನಾನು ಬಸ್ಸಿನಲ್ಲಿ ಕುಳಿತು ಒಬ್ಬಳೇ ಸಿಟ್ಟಾದೆ. ಆ ಕಟ್ಟಳೆ ನನಗೂ ಇತ್ತು. ಗಿಟಾರು ಹಿಡಿಸಿದ ಮೊದಲ ದಿನವೇ, "ನಾ ಕೊಟ್ಟಷ್ಟ ತಗೋ. ಬ್ಯಾರೆ ಕಡೆ ಕೈ ಚಾಚಬ್ಯಾಡ," ಅಂತ ನನ್ನಿಂದ ಮಾತು ತಗೊಂಡಿದ್ದರು. ಆಗ ಇದೊಂದು ತಮಾಷೆ ಅಂದುಕೊಂಡು ಹ್ಞೂಂ ಅಂದಿದ್ದೆ.

ಮೂರು ವರ್ಷ ಎಂಟು ಮನೆ ನುಡಿಸಿದೆ. ಆಮೇಲೆ ನನಗೆ ತಡೆಯಲಾಗಲಿಲ್ಲ.

ರಾಣೆಬೆನ್ನೂರಿನಲ್ಲಿ ನಮ್ಮ ಮೌಶಿಯ ಮಗಳ ಮದುವೆಗೆ ಹೋದಾಗ ಅಲ್ಲಿಯ ಒಬ್ಬ ಟೇಲರನ ಅಂಗಡಿಗೆ ಕುಪ್ಪಸ ಕೊಡಲು ಹೋಗಿದ್ದೆ. ಗೋಡೆಗೆ ಗಿಟಾರು ತೂಗುಹಾಕಿತ್ತು. ಟೇಲರ್ ಮದುವೆಗಳಲ್ಲಿ ಆರ್ಕೆಸ್ಟ್ರಾದವರ ಸಂಗಡ ನುಡಿಸುವವನು. ನಾಚಿಕೆ ಬಿಟ್ಟು ಕೇಳಿದೆ. ಇ ಆಯಿತು, ಎ ಆಯಿತು, ಒಂಬತ್ತನೇ ಮನೆಗೆ ಏನು? ಅವನು ಸೀರಿಯಸ್ಸಾಗಿ ಸೂಜಿ ಕೆಳಗಿಟ್ಟು ಗಿಟಾರು ಇಳಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬೆರಳಿಡುವ ಜಾಗಗಳಿಗೆ ಚುಕ್ಕೆಯಿಟ್ಟ.

"ಬಿ ಸೆವೆನ್ ಅಂತಾರ್ರಿ ಅಕ್ಕಾರ. ಇದಕ್ಕ ಕಿರಿಬೆರಳೂ ಬೇಕು. ಒಂಬತ್ತಕ್ಕ ಇದು, ಹತ್ತಕ್ಕ ಎ, ಹನ್ನೊಂದು ಹನ್ನೆರಡಕ್ಕ ಇ. ಮುಗೀತು."

ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಬಾಯಾರು ಇಪ್ಪತ್ತು ವರ್ಷ ಕಾಯ್ದದ್ದು ಕುಪ್ಪಸದ ಅಳತೆ ಕೊಡುವುದರೊಳಗೆ ನನ್ನ ಕೈಗೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಾತು ಮುರಿದೆ ಅಂತ ಅನಿಸಲೇ ಇಲ್ಲ. ಅವರಿಗೆ ಉಡುಗೊರೆ ಒಯ್ಯುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಸತ್ಯವಾಗಿ.

ಸೋಮವಾರ ಮಧ್ಯಾಹ್ನ ಎಂದಿನಂತೆ ಅವರ ಕೋಣೆಗೆ ಹೋದೆ. ಬಾಯಾರು ನನಗೆ ಬೆನ್ನು ಮಾಡಿ ಕುಳಿತು ಚಹಾಕ್ಕೆಂದು ಸ್ಟವ್ವಿಗೆ ಪಂಪು ಹೊಡೆಯುತ್ತಿದ್ದರು. ನಾನು ಗಿಟಾರು ಎತ್ತಿಕೊಂಡು ನಾಲ್ಕು ಮನೆ ಇ, ಎರಡು ಎ, ಎರಡು ಇ ನುಡಿಸಿದೆ. ನಿಲ್ಲಬೇಕಾದಲ್ಲಿ ನಿಲ್ಲದೆ ಕಿರುಬೆರಳು ಚಾಚಿ ಒಂಬತ್ತನೆಯದನ್ನು ಮೀಟಿದೆ. ಪಂಪು ಹೊಡೆಯುತ್ತಿದ್ದ ಕೈ ನಿಂತಿತು. ನಾನು ಹತ್ತು, ಹನ್ನೊಂದು, ಹನ್ನೆರಡೂ ನುಡಿಸಿ ಮುಗಿಸಿದೆ. ಬೆನ್ನು ತಿರುಗಲಿ, ಮುಖ ನೋಡಬೇಕು ಅಂತ ಕಾಯುತ್ತ ಕುಳಿತೆ.

ಅವರು ತಿರುಗಲಿಲ್ಲ. ಸ್ಟವ್ ಹಚ್ಚಿದರು. ನೀರಿಟ್ಟರು. ಆಮೇಲೆ ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು.

"ಚಹಾಕ್ಕ ಸಕ್ಕರಿ ಎಷ್ಟ ಹಾಕಲಿರಿ ನಿಮಗ?"

ಮೂರು ವರ್ಷ ನನ್ನನ್ನು ನೀ ಅಂದವರು, ನನ್ನ ಚಹಾದ ಸಕ್ಕರೆ ನನಗಿಂತ ಚೆನ್ನಾಗಿ ಬಲ್ಲವರು ಕೇಳಿದ ಮಾತು ಇದು. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. "ಎರಡು ಚಮಚೆ ಸಾಕ್ರಿ," ಅಂದೆ. ಚಹಾ ಕುಡಿದು ಗಿಟಾರನ್ನು ಕೌದಿಯಲ್ಲಿ ನಾನೇ ಸುತ್ತಿಟ್ಟು ಬಂದೆ.

ಅಲ್ಲಿಂದ ಮುಂದೆ ಬೋರ್ಡಿನ ಮುಂದೆ ಪಕ್ಕಪಕ್ಕದ ಕುರ್ಚಿಯಲ್ಲಿ ಕುಳಿತು ನಾವು ಹೆಚ್ಚು ಕಡಿಮೆ ನಾಲ್ಕು ವರ್ಷ ಕೆಲಸ ಮಾಡಿದೆವು. ಜಗಳವಿಲ್ಲ. ಉಪ್ಪಿನಕಾಯಿ ತಂದರೆ ನನಗೂ ಒಂದು ಹೋಳು ಬರುತ್ತಿತ್ತು. ಆದರೆ "ನೀವು", "ಹೌದ್ರಿ", "ಬರ್ತೀರೇನ್ರಿ". ನಾಲ್ಕರ ಬಸ್ಸಿನವರೆಗೆ ಬಸ್ ಸ್ಟ್ಯಾಂಡಿನಲ್ಲೇ ಕುಳಿತುಕೊಳ್ಳುವುದನ್ನು ಕಲಿತೆ. ಆ ನಡುವೆ ಒಂದೆರಡು ಸಲ ತಪ್ಪಾಯಿತು ಅನ್ನಲು ಬಾಯಿ ತೆರೆದದ್ದುಂಟು. "ಲೈನ್ ಬಂತ್ ನೋಡ್ರಿ," ಅಂದು ತಪ್ಪಿಸಿಕೊಂಡರು. ಆಮೇಲೆ ನನಗೂ ಹಟ ಬಂತು. ಅಂಥದೇನು ಕೊಲೆ ಮಾಡಿದೆ ನಾನು ಅಂತ.

ತೊಂಬತ್ತರ ದಶಕ ಬಂದ ಮೇಲೆ ಪರಊರಿನ ನಂಬರನ್ನು ಎಲ್ಲರೂ ತಾವೇ ತಿರುಗಿಸುವಂತಾಯಿತು. ನಡುವೆ ನಮ್ಮ ಕೈ ಬೇಕಾಗಿರಲಿಲ್ಲ. ಬೋರ್ಡಿನ ಮೇಲೆ ದೀಪ ಹತ್ತುವುದು ದಿನದಿನಕ್ಕೆ ಕಡಿಮೆಯಾಗಿ, ಕೊನೆಗೊಂದು ದಿನ ಬೋರ್ಡನ್ನು ಬಿಚ್ಚಿ ಒಯ್ಯುತ್ತೇವೆ ಅಂತ ಮೆಕ್ಯಾನಿಕ್ಕುಗಳು ಬಂದರು. ನನ್ನನ್ನು ರಾಣೆಬೆನ್ನೂರಿಗೆ, ಬಾಯಾರನ್ನು ಹಾವೇರಿಯ ಬಿಲ್ಲು ವಿಭಾಗಕ್ಕೆ ಹಾಕಿದ್ದರು. ಮೆಕ್ಯಾನಿಕ್ಕುಗಳು ಚಹಾಕ್ಕೆ ಹೋದಾಗಲೂ ಬಾಯಾರು ಕುರ್ಚಿ ಬಿಟ್ಟು ಏಳಲಿಲ್ಲ. ತಲೆಗೆ ಹೆಡ್‌ಸೆಟ್ ಹಾಗೇ ಇತ್ತು. ಒಂದೂ ದೀಪ ಹತ್ತುತ್ತಿರಲಿಲ್ಲ.

"ಏಳ್ರಿ ಬಾಯಾರ," ಅಂದೆ.

ಅವರು ಬೋರ್ಡು ನೋಡುತ್ತಲೇ ಮಾತಾಡಿದರು.

"ಅವತ್ತ ನೀವು ನುಡಿಸಿದ್ರಿ. ನನಗ ಅದು ಗೊತ್ತಿರಲಿಲ್ಲ ಅಂತ ತಿಳಕೊಂಡ್ರೇನು? ಹಾಡೋ ಮಾಸ್ತರ ಮಗಳ್ರೀ ನಾನು. ಸಾ ಬಂತು, ಮ ಬಂತು, ಇನ್ನ ಪ ಬರಬೇಕು ಅಂತ ಸಣ್ಣ ಹುಡುಗರಿಗೂ ತಿಳೀತೈತಿ. ಮೊದಲನೇ ವರ್ಷನ ಕಿವಿಯಾಗ ಬಂದಿತ್ತು. ಬೆರಳಿಗೆ ಬರಗೊಡಲಿಲ್ಲ."

"ಮತ್ತ ಯಾಕ್ರಿ?"

"ನಾನ ತಗೊಂಡಬಿಟ್ಟಿದ್ರ ಆಕಿ ಕೊಡಬೇಕಾದ್ದು ಏನ ಉಳೀತಿತ್ತು? ಫೋನ್ ಮಾಡಾಕ ಒಂದ ಕಾರಣ ಬೇಕಲ್ರೀ." ಹೆಡ್‌ಸೆಟ್ ತೆಗೆದು ಅದರ ವೈರನ್ನು ನೀಟಾಗಿ ಸುತ್ತಿದರು. "ನನ್ನ ಹುಡುಕಿಕೊಂಡ ಯಾರರ ಫೋನ್ ಮಾಡತಾರ ಅಂತ ನನಗ ಇದ್ದದ್ದು ಇದೊಂದ."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ನಾನು ಅತ್ತದ್ದು ಅವರಿಗಾಗಿಯೋ, ನಾಲ್ಕು ವರ್ಷದ ನನ್ನ ಹಟಕ್ಕೋ, ಈಗಲೂ ಹೇಳಲಾರೆ. ಇಪ್ಪತ್ತು ವರ್ಷ ಜತನದಿಂದ ಖಾಲಿಯಿಟ್ಟುಕೊಂಡಿದ್ದ ಜಾಗಕ್ಕೆ ನಾನು ಕಿರುಬೆರಳು ಚಾಚಿ ಹೋಗಿ ಕುಳಿತಿದ್ದೆ. ಅದನ್ನು ತುಂಬಿಕೊಟ್ಟೆ ಅಂತ ಬೆನ್ನು ತಟ್ಟಿಸಿಕೊಳ್ಳಲು ಕಾಯ್ದಿದ್ದೆ.

ಆಮೇಲೆ ನನ್ನ ಮದುವೆಯಾಯಿತು. ಗಂಡನ ಕೆಲಸ ಹಾವೇರಿಯಲ್ಲೇ ಇದ್ದದ್ದರಿಂದ ರಾಣೆಬೆನ್ನೂರಿಗೆ ದಿನಾ ಓಡಾಡುವುದು, ಮಗು, ಅತ್ತೆಯ ಮಂಡಿನೋವು, ಇವುಗಳಲ್ಲಿ ದಿನಗಳು ಹೋದವು. ಬಾಯಾರು ಬ್ಯಾಡಗಿಯ ಕೋಣೆ ಬಿಡದೆ ಹಾವೇರಿಗೆ ಬಂದು ಹೋಗಿ ಮಾಡುತ್ತಾರೆ, ಹೊತ್ತಿಗೆ ಮುಂಚೆಯೇ ರಿಟೈರ್‌ಮೆಂಟ್ ತಗೊಂಡರು, ಇಂಥ ಸುದ್ದಿಗಳು ಬರುತ್ತಿದ್ದವು. ಹೋಗಬೇಕು, ಹೋಗಬೇಕು ಅಂತಲೇ ಎರಡು ವರ್ಷ ದಾಟಿತು. ಕೊನೆಗೆ ಬ್ಯಾಡಗಿಯಲ್ಲಿ ಒಂದು ನಾಮಕರಣಕ್ಕೆ ಬಂದವಳು ಊಟ ಮುಗಿಸಿ ಆ ಓಣಿಗೆ ಹೋದೆ. ಗೋದಾಮು ಅಲ್ಲೇ ಇತ್ತು. ಸೀನಿದೆ.

ಬಾಯಾರು ತೆಳ್ಳಗಾಗಿದ್ದರು. ಕೂದಲು ಪೂರ್ತಿ ಬೆಳ್ಳಗೆ. "ಬಾ, ಒಳಗ ಬಾ. ಅಲ್ಲಿ ಕುಂದರಬ್ಯಾಡ, ಬಿಸಲು," ಅಂದರು. ಮತ್ತೆ ನೀ ಆಗಿದ್ದೆ. ಅದು ಕ್ಷಮೆಯೋ, ಬರೀ ಮರೆವೋ ಕೇಳುವ ಧೈರ್ಯವಾಗಲಿಲ್ಲ. ನನ್ನ ಮಗುವಿನ ಹೆಸರು ಕೇಳಿದರು. ಆಮೇಲೆ, ನಾನು ಕೇಳದೆಯೇ, ಟ್ರಂಕಿನ ಮೇಲಿಂದ ಗಿಟಾರು ತಗೊಂಡು ಗೋಡೆಗೊರಗಿ ಕುಳಿತರು.

ಎಂಟು ಮನೆ ನುಡಿಸಿದರು. ನಾನು ಅವರ ಅಂಗೈ ತಂತಿಯ ಮೇಲೆ ಬರುವುದನ್ನೇ ಕಾಯುತ್ತಿದ್ದೆ. ಬರಲಿಲ್ಲ. ಒಂಬತ್ತನೆಯ ಮನೆ ಬಂತು. ಹತ್ತು, ಹನ್ನೊಂದು, ಹನ್ನೆರಡು. ಒಂದು ತಂತಿಯೂ ತಡವರಿಸಲಿಲ್ಲ. ನಾನು ಟೇಲರ್‌ನಿಂದ ಕಲಿತು ನುಡಿಸಿದ್ದು ಇದರ ಮುಂದೆ ಸಾಲೆ ಹುಡುಗರ ಉಕ್ತಲೇಖನ. ಸದ್ದು ತಾನಾಗಿ ಅಡಗುವ ತನಕ ಅವರು ಕೈ ತೆಗೆಯಲಿಲ್ಲ.

"ಬೋರ್ಡ್ ಒಯ್ದ ಮರುದಿನ ಮಧ್ಯಾಹ್ನನ ಕುಂತು ಹುಡುಕಿದೆ," ಅಂದರು. "ಒಂದ ತಾಸೂ ಹಿಡೀಲಿಲ್ಲ."

"ಭಾಳ ಛಲೋ ಬಂತ್ರಿ," ಅಂದೆ. ನನ್ನ ದನಿ ನನಗೇ ಸುಳ್ಳು ಅನಿಸಿತು. ಛಲೋ ಬಂದಿತ್ತು, ಅದು ಸುಳ್ಳಲ್ಲ. ಆದರೆ ಆ ನಾಲ್ಕು ಮನೆಗಳನ್ನು ಕೇಳುವುದು ನನ್ನಿಂದಾಗಿರಲಿಲ್ಲ. ಎಷ್ಟು ವರ್ಷ ಅದು ಪೂರ್ತಿಯಾಗಲಿ ಅಂತ ನಾನು ಚಡಪಡಿಸಿದ್ದೆ.

"ಹ್ಞೂಂ. ಮುಗೀತು," ಅಂದರು. ಗಿಟಾರು ಇನ್ನೂ ತೊಡೆಯ ಮೇಲೇ ಇತ್ತು. ನನ್ನನ್ನೇ ನೋಡುತ್ತ, ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದರು. "ಇನ್ನ ದಿನಾ ಮಧ್ಯಾಹ್ನ ಏನ ಮಾಡಲಿ ಹೇಳು ನನಗ."

ಅದು ಹರಟೆಯ ಮಾತಲ್ಲ. ನಿಜವಾಗಿ ಕೇಳಿದ್ದರು, ಉತ್ತರಕ್ಕೆ ಕಾಯುತ್ತಿದ್ದರು. ನಾನು ಗಡಿಯಾರ ನೋಡಿದೆ.

"ಬಸ್ಸಿಗೆ ಹೊತ್ತಾತ್ರಿ ಬಾಯಾರ. ಮಗಾನ್ನ ಅತ್ತಿ ಹತ್ರ ಬಿಟ್ಟು ಬಂದೇನಿ."

"ಚಹಾ ಇಡತೇನಿ, ಕುಡದ ಹೋಗು."

"ಇನ್ನೊಮ್ಮೆ ಬರತೇನ್ರಿ."

"ಹಂಗಾರ ಹುಷಾರ ಹೋಗು," ಅಂದರು. ಬಾಗಿಲ ತನಕ ಬಂದು ನಿಂತರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ನಾಲ್ಕರ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಅದರ ಹಿಂದೆಯೇ ಐದಕ್ಕೆ ಇನ್ನೊಂದು ಬಸ್ಸಿತ್ತು. ಏಳು ವರ್ಷ ಓಡಾಡಿದ ದಾರಿ, ನನಗದು ಗೊತ್ತಿತ್ತು.